ಬೆನ್ನಿಗೆ ಭಾರವೇ ಮದ್ದು

ಆ ಬೆಳಿಗ್ಗೆ ನಾನು ಮಾಡುತ್ತಿದ್ದದ್ದು ಒಂದು ಮಗುವಿನ ಕಾಲಿಗೆ ಬೂಟು ತೊಡಿಸುವ ಕೆಲಸ, ಅಷ್ಟೇ. ಬೆಟ್ಟ ಹತ್ತುತ್ತಿರಲಿಲ್ಲ, ಮೂಟೆ ಹೊರುತ್ತಿರಲಿಲ್ಲ.

ಸೋಡರ್‌ಟೆಲ್ಯೆಯ ಒಂದು ಡಾಗಿಸ್‌ನಲ್ಲಿ ನನಗೆ ಕೆಲಸ. ಇನ್ನೂ ಶಾಲೆಯ ವಯಸ್ಸಿಗೆ ಬಾರದ ಮಕ್ಕಳನ್ನು ತಂದೆತಾಯಿ ಕೆಲಸಕ್ಕೆ ಹೋಗುವಾಗ ಅಲ್ಲಿ ಬಿಟ್ಟು ಹೋಗುತ್ತಾರೆ. ಧಾರವಾಡದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಿದ್ದ ನಾನು ಗಂಡನ ಕೆಲಸದ ಪರವಾನಗಿಯ ಹಿಂದೆ ಸ್ವೀಡನ್ನಿಗೆ ಬಂದು, ಸ್ವೀಡಿಷ್ ಕಲಿತು, ಮಕ್ಕಳ ಪಾಲನೆಯ ತರಬೇತಿ ಮುಗಿಸಿ ಈ ಕೆಲಸ ಹಿಡಿದಿದ್ದೆ. ಊರಲ್ಲಿ ಕೆಲವರು ಮೂಗು ಮುರಿದರು. ನನಗೆ ಮಾತ್ರ ಕೆಲಸ ಹಿಡಿಸಿತ್ತು. ಅದು ನನ್ನ ಬೆನ್ನನ್ನು ಸದ್ದಿಲ್ಲದೆ ತಿನ್ನುತ್ತಿದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ.

ಅಲ್ಲಿ ಚಳಿಗಾಲದಲ್ಲೂ ಮಕ್ಕಳು ದಿನಾ ಹೊರಗೆ ಆಡಲೇಬೇಕು. ಉಣ್ಣೆಯ ಒಳಉಡುಪು, ಅದರ ಮೇಲೆ ಕುತ್ತಿಗೆಯಿಂದ ಪಾದದವರೆಗೆ ಮೈ ಮುಚ್ಚುವ ದಪ್ಪ ಓವರಾಲ್, ಟೋಪಿ, ಕೈಗವಸು, ಬೂಟು. ಬಾಗಿಲ ಬಳಿಯ ಇಕ್ಕಟ್ಟಾದ ಪಡಸಾಲೆಯಲ್ಲಿ ಎಲ್ಲರಿಗೂ ಒಂದೇ ಸಲಕ್ಕೆ ತೊಡಿಸಬೇಕು. ಕೊನೆಯ ಮಗುವಿಗೆ ತೊಡಿಸಿ ಮುಗಿಯುವಷ್ಟರಲ್ಲಿ ಮೊದಲನೆಯದು ಬೆವೆತು ಅಳುತ್ತಿರುತ್ತದೆ, ಇಲ್ಲವೇ ಉಚ್ಚೆ ಬಂತು ಎನ್ನುತ್ತದೆ. ಆಗ ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲಿನಿಂದ. ಅಂದು ಒಂದು ಹೆಣ್ಣುಮಗು ಕಾಲು ಒದೆಯುತ್ತಿತ್ತು. ನಾನು ಬಗ್ಗಿ, ಸ್ವಲ್ಪ ಬಲಕ್ಕೆ ತಿರುಗಿ, ಅದರ ಹಿಮ್ಮಡಿಯನ್ನು ಬೂಟಿನೊಳಗೆ ಒತ್ತಿದೆ. ಸೊಂಟದೊಳಗೆ ಏನೋ ಕಳಚಿಕೊಂಡಂತಾಯಿತು. ಸದ್ದು ಕೂಡ ಆಯಿತೆಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಪಕ್ಕದಲ್ಲೇ ಇದ್ದ ಸಹೋದ್ಯೋಗಿಗೆ ಏನೂ ಕೇಳಿಸಿರಲಿಲ್ಲ.

ನಾನು ಕೈ ಮಂಡಿಗಳನ್ನು ನೆಲಕ್ಕೂರಿ ನಾಲ್ಕು ಕಾಲಿನ ಮೇಲೆ ಇದ್ದೆ. ಏಳಲು ಬರುತ್ತಿರಲಿಲ್ಲ, ಮಲಗಲೂ ಬರುತ್ತಿರಲಿಲ್ಲ. ಉಸಿರು ತೆಗೆದುಕೊಂಡರೆ ಬಲಗಾಲಿನ ಹಿಂಬದಿಯಲ್ಲಿ ಕಾದ ಸರಳು ಇಳಿಸಿದಂತಾಗುತ್ತಿತ್ತು. ಮಕ್ಕಳು ಇದನ್ನು ಹೊಸ ಆಟ ಎಂದುಕೊಂಡರು. ಓವರಾಲ್ ತೊಟ್ಟ ಒಂದಿಷ್ಟು ಮಕ್ಕಳು ನನ್ನ ಸುತ್ತ ನಾಲ್ಕು ಕಾಲಿನ ಮೇಲೆ ನಿಂತು ಕುದುರೆಯಂತೆ ಕೆನೆಯತೊಡಗಿದರು. ಒಂದು ಮಗು ನನ್ನ ಬೆನ್ನೇರಲು ಬಂತು. ಸಹೋದ್ಯೋಗಿ ಓಡಿ ಬಂದು ಅದನ್ನು ಎತ್ತಿಕೊಂಡಳು. ನನಗೆ ಅಳು ಕೂಡ ಬರಲಿಲ್ಲ. ನನ್ನ ಮೈ ನನ್ನ ಮಾತು ಕೇಳುತ್ತಿಲ್ಲ ಎಂಬುದನ್ನು ಮನಸ್ಸು ಒಪ್ಪಿಕೊಳ್ಳುತ್ತಲೇ ಇರಲಿಲ್ಲ.

ಸಹೋದ್ಯೋಗಿ ಆರೋಗ್ಯ ಸಹಾಯವಾಣಿಗೆ ಫೋನು ಮಾಡಿ ನನ್ನ ಕಿವಿಗೆ ಹಿಡಿದಳು. ಆ ಕಡೆಯ ನರ್ಸ್ ಅವಸರವಿಲ್ಲದ ಧ್ವನಿಯಲ್ಲಿ ಪ್ರಶ್ನೆ ಕೇಳಿದಳು. ತೊಡೆಗಳ ಸಂದಿಯಲ್ಲಿ ಜೋಮು ಹಿಡಿದಿದೆಯೇ, ಮೂತ್ರ ಕಟ್ಟಿದೆಯೇ, ಅಥವಾ ತಿಳಿಯದೆ ಹೋಗುತ್ತಿದೆಯೇ, ಪಾದ ಮೇಲಕ್ಕೆತ್ತಲು ಬರುತ್ತದೆಯೇ. ನಡು ಪಡಸಾಲೆಯಲ್ಲಿ, ಮಕ್ಕಳ ನಡುವೆ, ಇಂಥ ಪ್ರಶ್ನೆಗಳಿಗೆ ಉತ್ತರ ಹೇಳುವಾಗ ನನ್ನ ಕಿವಿ ಬಿಸಿಯಾಯಿತು. ಅವು ಯಾಕೆ ಮುಖ್ಯವೆಂದು ಆಗ ಗೊತ್ತಿರಲಿಲ್ಲ. ಜೋಮಿಲ್ಲ, ಪಾದ ಎತ್ತಬಲ್ಲೆ ಎಂದೆ.

"ಒಳ್ಳೆಯ ಸುದ್ದಿ," ಎಂದಳು ಅವಳು. "ಹಾಗಾದರೆ ಆಂಬುಲೆನ್ಸ್ ಬೇಡ. ನೋವಿನ ಮಾತ್ರೆ ತೆಗೆದುಕೋ. ಆದಷ್ಟು ಓಡಾಡು."

ನಾನು ನೆಲದ ಮೇಲಿದ್ದೆ. ಓಡಾಡು ಎನ್ನುತ್ತಿದ್ದಾಳೆ. ನನ್ನ ಸ್ವೀಡಿಷ್ ಕೈಕೊಟ್ಟಿತೇನೋ ಎಂದುಕೊಂಡು ಇನ್ನೊಮ್ಮೆ ಕೇಳಿದೆ. ಅದೇ ಮಾತು.

ನನ್ನ ಗಂಡ ಕಚೇರಿ ಬಿಟ್ಟು ಕಾರು ತಂದರು. ಅವರು ಬೆಂಗಳೂರಿನವರು, ಸಾಫ್ಟ್‌ವೇರ್ ಕೆಲಸ, ಯಾವುದಕ್ಕೂ ಬೇಗ ಗಾಬರಿಯಾಗುವವರಲ್ಲ. ಅವತ್ತು ನನ್ನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಕಾರಿನ ಬಾಗಿಲು ಹಾಕುವುದನ್ನೇ ಮರೆತರು. ಮನೆಗೆ ಬಂದ ಮೇಲೆ ನಾನು ಹಾಸಿಗೆ ಹಿಡಿದೆ. ಹುಬ್ಬಳ್ಳಿಯಲ್ಲಿರುವ ನನ್ನ ಅಕ್ಕನಿಗೆ ಸುದ್ದಿ ಮುಟ್ಟಿದ್ದೇ ವಿಡಿಯೋ ಕಾಲ್ ಬಂತು. ಅಮ್ಮ ಹೋದ ಮೇಲೆ ನನಗೆ ಅಮ್ಮನ ಜಾಗದಲ್ಲಿ ಇರುವವಳು ಅವಳೇ. ಅವಳ ತೀರ್ಪು ನರ್ಸ್ ಹೇಳಿದ್ದಕ್ಕೆ ಪೂರಾ ತಿರುಗಾಮುರುಗಾ. "ಹಾಸಿಗಿ ಬಿಟ್ಟು ಕೆಳಗ ಕಾಲಿಡಬ್ಯಾಡ," ಎಂದಳು. "ಬಗ್ಗಬ್ಯಾಡ, ಎತ್ತಬ್ಯಾಡ. ಬೆನ್ನು ಅಂದ್ರ ಕಾಜು ಇದ್ದಂಗ."

ಕಾಜು ಎಂದರೆ ಗಾಜು. ಅವಳ ಮಾತೇ ನನಗೆ ಸರಿ ಎನಿಸಿತು. ಹಾಸಿಗೆಯಲ್ಲಿ ಮಗ್ಗುಲಾಗುವಾಗಲೂ ಒಡೆದುಹೋಗುತ್ತೇನೇನೋ ಎಂಬಂತೆ ಮಗ್ಗುಲಾಗುತ್ತಿದ್ದೆ. ಮಲಗಿದಷ್ಟೂ ಬಿಗಿಯುತ್ತಿತ್ತು. ಬಿಗಿದಷ್ಟೂ ಮಲಗುತ್ತಿದ್ದೆ.

ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಸಮಯ ಸಿಕ್ಕಿತು. ಡಾಕ್ಟರ ಹತ್ತಿರ ಅಲ್ಲ, ಫಿಸಿಯೋಥೆರಪಿಸ್ಟ್ ಹತ್ತಿರ. ಐವತ್ತರ ಆಸುಪಾಸಿನ ಹೆಂಗಸು. ಕತ್ತರಿಸಿದ ನರೆಗೂದಲು, ದೋಣಿಗೆ ಹುಟ್ಟು ಹಾಕುವವರಂಥ ತೋಳು, ಕಾಲಲ್ಲಿ ಬರೀ ಕಾಲುಚೀಲ. ಅವಳು ಸುತ್ತಿಗೆಯಿಂದ ನನ್ನ ಮಂಡಿ ತಟ್ಟಿದಳು, ಪಾದಕ್ಕೆ ಸೂಜಿ ತಾಗಿಸಿ ಗೊತ್ತಾಗುತ್ತದೆಯೇ ಎಂದಳು, ಹಿಮ್ಮಡಿಯ ಮೇಲೆ ನಡೆಸಿದಳು, ಬೆರಳ ತುದಿಯ ಮೇಲೆ ನಿಲ್ಲಿಸಿದಳು. ನರ್ಸ್ ಕೇಳಿದ್ದ ಪ್ರಶ್ನೆಗಳನ್ನೇ ಮತ್ತೆ ಕೇಳಿದಳು. ಆಮೇಲೆ ಸ್ಟೂಲಿನ ಮೇಲೆ ನನ್ನೆದುರು ಕೂತು, ಒಂದು ನರಕ್ಕೆ ಕಿರಿಕಿರಿಯಾಗಿದೆ, ಆದರೆ ಅಪಾಯದ ಗುರುತು ಒಂದೂ ಇಲ್ಲ, ಇಂಥದ್ದು ಬಹುಪಾಲು ಜನರಿಗೆ ಚಾಕು ತಾಗಿಸದೆ ವಾಸಿಯಾಗುತ್ತದೆ ಎಂದಳು. ಸ್ಕ್ಯಾನ್ ಯಾವಾಗ ಎಂದು ಕೇಳಿದೆ. ಸದ್ಯಕ್ಕೆ ಬೇಡ, ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ ಎಂದಳು. ಔಷಧಿ? ನಿದ್ದೆ ಬರುವಷ್ಟಕ್ಕೆ ಮಾತ್ರೆ. ಬೆಲ್ಟು? ಬೇಡ. ಎಷ್ಟು ದಿನ ಮಲಗಬೇಕು?

"ಮಲಗಲೇಬೇಡ," ಎಂದಳು. "ಮನೆಗೆ ನಡೆದುಕೊಂಡು ಹೋಗು."

ಸ್ವೀಡಿಷ್‌ನಲ್ಲಿ ಎಲ್ಲರಿಗೂ ನೀನು ಎನ್ನುವುದೇ ರೂಢಿ. ಅದಕ್ಕೆ ನಾನು ಎಂದೋ ಒಗ್ಗಿದ್ದೆ. ಆ ದಿನ ಮಾತ್ರ ಆ ನೀನು ನನಗೆ ಚುಚ್ಚಿತು. ಹೊರಗೆ ಕಾಯುತ್ತಿದ್ದ ಗಂಡನಿಗೆ ಹೇಳಿದಾಗ ಅವರು ನನ್ನ ಮುಖವನ್ನೇ ನೋಡಿದರು.

"ಅಂದ್ರೆ ಸ್ಕ್ಯಾನೂ ಇಲ್ಲ, ಡಾಕ್ಟರೂ ಇಲ್ಲ, ಸುಮ್ನೆ ವಾಕಿಂಗ್ ಹೋಗು ಅಂದ್ರಾ?"

ಹೌದು ಎಂದೆ. ನಮ್ಮಿಬ್ಬರಿಗೂ ಮೋಸ ಹೋದಂತೆ ಅನ್ನಿಸಿತು. ಬೆಂಗಳೂರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ದೊಡ್ಡ ಯಂತ್ರದೊಳಗೆ ಹೋಗಿ ಬಂದು, ದೊಡ್ಡ ಡಾಕ್ಟರ ಮುಂದೆ ಕೂತಿರುತ್ತಿದ್ದೆ ಎಂದು ಅವರು ಕಾರಿನಲ್ಲಿ ಹೇಳುತ್ತಲೇ ಬಂದರು. ನಡೆದು ಹೋಗು ಎಂದಿದ್ದರೂ ನಾವು ಕಾರಿನಲ್ಲೇ ಹೋದೆವು.

ಮುಂದಿನ ವಾರವೇ ಅವರು ಸ್ಟಾಕ್‌ಹೋಮ್‌ನ ಒಂದು ಖಾಸಗಿ ಕೇಂದ್ರದಲ್ಲಿ ಎಂಆರ್‌ಐ ಸ್ಕ್ಯಾನಿಗೆ ಸಮಯ ತೆಗೆದುಕೊಂಡರು. ಅಲ್ಲಿ ಡಾಕ್ಟರ ಚೀಟಿ ಬೇಕಾಗಿರಲಿಲ್ಲ. ಸಮಯ ನಿಗದಿ ಮಾಡುವಾಗ ಅವರಿಗೊಂದು ಯೋಚನೆ ಬಂತು. ತಾವೂ ದಿನವಿಡೀ ಕುರ್ಚಿಯಲ್ಲಿ ಕೂರುವವರು, ಹೋಗಿಯೇ ಹೋಗುತ್ತೇವೆ, ತಮ್ಮದೂ ಒಂದು ಆಗಿಬಿಡಲಿ ಎಂದರು. ಅವರಿಗೆ ಜೀವಮಾನದಲ್ಲಿ ಬೆನ್ನು ನೋವು ಬಂದದ್ದೇ ಇಲ್ಲ. ಶನಿವಾರಗಳಂದು ಕಾಲುವೆಯ ದಡದಲ್ಲಿ ಓಡುತ್ತಾರೆ. ನಾನು ನಕ್ಕೆ. ಆ ನೋವಿನಲ್ಲೂ ನಕ್ಕದ್ದು ನೆನಪಿದೆ.

ಮೊದಲು ಬಂದದ್ದು ನನ್ನ ವರದಿ. ಸೊಂಟದ ಕೆಳಭಾಗದಲ್ಲಿ ಎರಡು ಮೂಳೆಗಳ ನಡುವಿನ ಡಿಸ್ಕ್ ಉಬ್ಬಿ ಹೊರಚಾಚಿದೆ, ನರಕ್ಕೆ ತಾಗುತ್ತಿದೆ ಎಂದಿತ್ತು. ಚಿತ್ರವನ್ನು ಅಕ್ಕನಿಗೆ ಕಳಿಸಿದೆವು. ಅಕ್ಕ ಅದನ್ನು ಹುಬ್ಬಳ್ಳಿಯ ಹೆಸರಾಂತ ಸರ್ಜನ್ ಒಬ್ಬರಿಗೆ ತೋರಿಸಿ ಸಂಜೆ ಫೋನು ಮಾಡಿದಳು. 

"ತಡಾ ಮಾಡಬ್ಯಾಡ ಅಂದಾರ," ಎಂದಳು. "ಕಾಲಿನ ಶಕ್ತಿ ಹೋಗತದಂತ. ಆಪರೇಷನ್ ಮಾಡಿಸಬೇಕಂತ. ನೀ ಲಗೂನ ಬಾ."

ಆ ಕ್ಷಣದಿಂದ ನನ್ನ ಬಲಗಾಲು ನನ್ನದಲ್ಲದಂತಾಯಿತು. ಕುಂಟುವ ಕಾಲು, ಊರುಗೋಲು, ಗಾಲಿಕುರ್ಚಿ, ಏನೇನೋ ಕಣ್ಣ ಮುಂದೆ ಬಂದವು. ಗಂಡ ಅಂದೇ ಇಬ್ಬರಿಗೂ ಟಿಕೆಟ್ ತೆಗೆದರು. ಆರೋಗ್ಯ ಕೇಂದ್ರದ ಹೆಂಗಸಿಗೆ ಒಂದು ಮಾತು ಹೇಳುವುದೂ ಬೇಡ ಎಂದರು. ನಡಿ ನಡಿ ಎಂದು ನನ್ನ ಕಾಲು ಕಳೆಯಲು ಹೊರಟಿದ್ದವಳು ಎಂಬ ಸಿಟ್ಟು ಅವರಿಗೆ.

ಅವರ ವರದಿ ಬಂದದ್ದು ಇದಾದ ಮೇಲೆ. ಊಟದ ಹೊತ್ತು. ಅವರು ಒಂದು ಕೈಯಲ್ಲಿ ಚಪಾತಿ ಮುರಿಯುತ್ತಾ ಇನ್ನೊಂದು ಕೈಯಲ್ಲಿ ಫೋನು ತೆರೆದರು. ಚಪಾತಿ ಕೈಯಲ್ಲೇ ಉಳಿಯಿತು.

"ಇದು ನಿಂದು ಕಣೇ," ಎಂದರು. "ಅದಲು ಬದಲಾಗಿದೆ."

ನಾನು ಇಣುಕಿದೆ. ಹೆಸರು ಅವರದು, ವಯಸ್ಸು ಅವರದು, ಗಂಡಸು ಎಂದು ಬರೆದಿತ್ತು. ಬೆನ್ನು ಮಾತ್ರ ನನ್ನದಕ್ಕಿಂತ ಕೆಟ್ಟದು. ನನಗೆ ಒಂದು ಡಿಸ್ಕ್ ಉಬ್ಬಿದ್ದರೆ ಅವರಿಗೆ ಎರಡು. ನನ್ನದಕ್ಕಿಂತ ಹೆಚ್ಚು ಉಬ್ಬಿದ್ದವು, ಜತೆಗೆ ನರ ಹಾಯುವ ದಾರಿಯೂ ಕಿರಿದಾಗಿತ್ತು. ನಾನು ನನ್ನ ಚಿತ್ರ ತೆಗೆದು ಪಕ್ಕದಲ್ಲಿಟ್ಟೆ. ಇಬ್ಬರೂ ಅಲ್ಲಿ ನೋಡಿದೆವು, ಇಲ್ಲಿ ನೋಡಿದೆವು. ಹಾಸಿಗೆ ಹಿಡಿದವಳು ನಾನು. ಹಿಂದಿನ ಶನಿವಾರ ಕಾಲುವೆಯ ದಡದಲ್ಲಿ ಓಡಿ ಬಂದವರು ಅವರು.

ಅದಕ್ಕಿಂತ ದೊಡ್ಡ ಆಘಾತ ಮರುದಿನ ಬೆಳಿಗ್ಗೆಯದು. ಬಾಗಿಲ ಬಳಿ ಅವರು ಗೋಡೆಗೆ ಕೈಯೂರಿ ನಿಂತಿದ್ದರು. ಶೂ ಲೇಸು ಕಟ್ಟಲು ಬಗ್ಗುವುದಕ್ಕೆ ಹೋಗಿ, ಅರ್ಧದಲ್ಲೇ ನಿಂತು, ಬೆವೆತಿದ್ದರು.

"ಏನೋ ಹಿಡ್ಕೊಂಡಿದೆ," ಎಂದರು. "ಇಲ್ಲಿ, ಸೊಂಟದಲ್ಲಿ. ನಿಜವಾಗ್ಲೂ."

ಅವರು ನಟಿಸುವವರಲ್ಲ. ಮುಖದಲ್ಲಿ ನೋವು ಅಚ್ಚಾಗಿತ್ತು. ಹಿಂದಿನ ಸಂಜೆಯಿಂದ ಈ ಬೆಳಗಿನವರೆಗೆ ಅವರು ಏನನ್ನೂ ಎತ್ತಿರಲಿಲ್ಲ, ಎಲ್ಲೂ ಬಿದ್ದಿರಲಿಲ್ಲ. ಒಂದು ಚಿತ್ರ ನೋಡಿದ್ದರು, ಅಷ್ಟೇ. ನಾನು ನನ್ನ ನೋವನ್ನು ಮರೆತು ಮಂಡಿಯೂರಿ ಅವರ ಲೇಸು ಕಟ್ಟಿದೆ. ಕಟ್ಟಿ ಎದ್ದ ಮೇಲೆಯೇ, ನಾನು ಬಗ್ಗಿ ಎದ್ದೆ ಎಂಬುದು ಹೊಳೆದದ್ದು. 

ಅಂದೇ ಆ ಫಿಸಿಯೋಥೆರಪಿಸ್ಟಿಗೆ ಫೋನು ಮಾಡಿ ಇಬ್ಬರೂ ಹೋದೆವು. ಎರಡೂ ಚಿತ್ರ ಕೊಟ್ಟೆವು, ಹುಬ್ಬಳ್ಳಿಯ ಮಾತು ಹೇಳಿದೆವು, ಟಿಕೆಟ್ಟಿನ ಸಂಗತಿ ಹೇಳಿದೆವು, ಶೂ ಲೇಸಿನ ಕತೆಯನ್ನು ನನ್ನ ಗಂಡ ತಲೆ ತಗ್ಗಿಸಿಕೊಂಡು ಹೇಳಿದರು. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಇದು ತಾನು ಆಗಾಗ ನೋಡುವಂಥದ್ದೇ, ಹೆದರಿದ ಸ್ನಾಯು ಬಿಗಿಯುತ್ತದೆ, ಬಿಗಿದ ಸ್ನಾಯು ನೋಯುತ್ತದೆ, ಆ ನೋವು ಸುಳ್ಳಲ್ಲ ಎಂದಳು. ನಡುವಯಸ್ಸು ದಾಟಿದವರ ಬೆನ್ನಿನ ಚಿತ್ರ ತೆಗೆದರೆ, ನೋವೇ ಇಲ್ಲದವರಲ್ಲೂ ಇಂಥ ಉಬ್ಬುಗಳು ಬೇಕಾದಷ್ಟು ಸಿಗುತ್ತವಂತೆ. ತನ್ನ ನರೆಗೂದಲು ತೋರಿಸಿ, ಇದೂ ಹಾಗೇ, ಒಳಗಿನ ನರೆ ಎಂದಳು.

ಹಾಗಾದರೆ ಆಪರೇಷನ್ ಸುಳ್ಳೇ ಎಂದು ನನ್ನ ಗಂಡ ಕೇಳಿದರು. ಅಲ್ಲ ಎಂದಳು. ಬೇಕಾದವರಿಗೆ ಅದು ಬೇಕೇ ಬೇಕು. ಪಾದ ಸೋತರೆ, ಸಂದಿಯಲ್ಲಿ ಜೋಮು ಬಂದರೆ, ಮೂತ್ರದ ಹಿಡಿತ ತಪ್ಪಿದರೆ ತಾನೇ ಕ್ಷಣ ತಡಮಾಡದೆ ಆಸ್ಪತ್ರೆಗೆ ಕಳಿಸುತ್ತೇನೆ, ತಿಂಗಳುಗಟ್ಟಲೆ ಕಾಲಿನ ನೋವು ಇಳಿಯದಿದ್ದರೂ ಸರ್ಜನ್ ಹತ್ತಿರ ಮಾತಾಡುತ್ತೇನೆ ಎಂದಳು. ಅದಕ್ಕೇ ಆ ನರ್ಸ್ ನೆಲದ ಮೇಲಿದ್ದ ನನ್ನನ್ನು ಅಂಥ ಪ್ರಶ್ನೆ ಕೇಳಿದ್ದು ಎಂದು ಆಗ ಅರ್ಥವಾಯಿತು. ನನ್ನ ಪಾದದ ಬಲವನ್ನು ಅವಳು ಇನ್ನೊಮ್ಮೆ ಪರೀಕ್ಷಿಸಿದಳು. ಮೊದಲ ಸಲದಷ್ಟೇ ಇತ್ತು. ಬೇಸಿಗೆಯ ತನಕ ನನಗೆ ಸಮಯ ಕೊಡು, ಆಮೇಲೂ ಹೀಗೇ ಇದ್ದರೆ ಹೋಗು ಎಂದಳು.

ಟಿಕೆಟ್ಟನ್ನು ಮುಂದಕ್ಕೆ ಹಾಕಿದೆವು. ರದ್ದು ಮಾಡುವ ಧೈರ್ಯ ಬರಲಿಲ್ಲ.

ಮೊದಲ ದಿನ ಅವಳು ನನ್ನನ್ನು ಕೇಂದ್ರದ ಹಿಂಬದಿಯ ಕೋಣೆಗೆ ಕರೆದುಕೊಂಡು ಹೋದಳು. ಚಾಪೆ, ದೊಡ್ಡ ಚೆಂಡು, ಹಗ್ಗ ಇರುತ್ತವೆ, ಮಲಗಿಸಿ ಬೆನ್ನು ನೀವುತ್ತಾಳೆ ಎಂದುಕೊಂಡಿದ್ದೆ. ಕೋಣೆಯ ತುಂಬ ಕಬ್ಬಿಣ. ನಿನಗೆ ಅತಿ ಹೆಚ್ಚು ಹೆದರಿಕೆ ಯಾವುದರದು ಎಂದು ಕೇಳಿದಳು. ಬಗ್ಗಿ ಎತ್ತುವುದು ಎಂದೆ. ಸರಿ, ಅಲ್ಲಿಂದಲೇ ಶುರು ಮಾಡೋಣ ಎಂದು ಹಿಡಿಕೆಯಿರುವ ಒಂದು ಕಬ್ಬಿಣದ ಗುಂಡನ್ನು ನನ್ನ ಪಾದಗಳ ನಡುವೆ ಇಟ್ಟಳು.

 ನನ್ನ ಬೆನ್ನು ಹೋದದ್ದೇ ಎತ್ತಿ ಎತ್ತಿ. ಸುಟ್ಟ ಕೈಯನ್ನು ಮತ್ತೆ ಒಲೆಗೆ ಇಡು ಎಂದಂತಾಯಿತು ಅದು. ಆಗುವುದಿಲ್ಲ ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಗುಂಡಿನ ಬದಲು ಒಂದು ಖಾಲಿ ಬುಟ್ಟಿ ಇಟ್ಟಳು, ಅದನ್ನೂ ನೆಲದ ಮೇಲಲ್ಲ, ಮಂಡಿಯೆತ್ತರದ ಪೆಟ್ಟಿಗೆಯ ಮೇಲೆ. ಪೃಷ್ಠವನ್ನು ಹಿಂದಕ್ಕೆ ತಳ್ಳಿ, ಉಸಿರು ಬಿಡುತ್ತಾ ಎತ್ತು ಎಂದಳು. ಬುಟ್ಟಿ ಮೇಲೆ ಬಂತು. ಏನೂ ಒಡೆಯಲಿಲ್ಲ. ನನಗೆ ಎಲ್ಲಿತ್ತೋ ಆ ಅಳು, ಪಡಸಾಲೆಯಲ್ಲಿ ಬಾರದ್ದು, ಖಾಲಿ ಬುಟ್ಟಿ ಹಿಡಿದುಕೊಂಡು ಗಳಗಳ ಅತ್ತೆ. ಅವಳು ಕಾಗದದ ಕರವಸ್ತ್ರ ಕೊಟ್ಟು, ನಾನು ಮುಗಿಸುವ ತನಕ ಕಾದು, ಇನ್ನೊಂದು ಸಲ ಎತ್ತು ಎಂದಳು.

ವಾರಗಳು ಕಳೆದಂತೆ ಬುಟ್ಟಿಗೆ ಪುಸ್ತಕ ಬಿತ್ತು, ಆಮೇಲೆ ಮರಳಿನ ಚೀಲ, ಪೆಟ್ಟಿಗೆ ತಗ್ಗುತ್ತಾ ನೆಲಕ್ಕಿಳಿಯಿತು, ಕೊನೆಗೆ ಕಬ್ಬಿಣದ ಗುಂಡೂ ಬಂತು. ನಡುನಡುವೆ ಹಿಮ ತುಳಿದುಕೊಂಡು ದಿನಾ ನಡಿಗೆ. ನೋವು ಇದ್ದೇ ಇತ್ತು. ಆದರೆ ಮೊದಲು ಪಾದದ ತನಕ ಇಳಿಯುತ್ತಿದ್ದದ್ದು ಮಂಡಿಗೆ ಬಂತು, ಮಂಡಿಯಿಂದ ತೊಡೆಗೆ ಏರಿತು. ಅದು ಹಿಂದಕ್ಕೆ ಸರಿಯುವ ದಾರಿ, ಒಳ್ಳೆಯ ಲಕ್ಷಣ ಎಂದಳು. ನನ್ನ ಗಂಡನಿಗೂ ಅವಳು ಅದೇ ಗುಂಡು ಕೊಟ್ಟಿದ್ದಳು. ಅಡುಗೆಮನೆಯ ಮೂಲೆಯಲ್ಲಿ ಒಂದು ಗುಂಡು ಬಂದು ಕೂತಿತು. ಅನ್ನ ಬೇಯುವಷ್ಟು ಹೊತ್ತು ಸರದಿಯ ಮೇಲೆ ಎತ್ತುತ್ತಿದ್ದೆವು.

ಅಕ್ಕ ಒಂದು ದಿನ ವಿಡಿಯೋದಲ್ಲಿ ಅದನ್ನು ಕಂಡಳು. 

"ಬೆನ್ನು ಹೋದಾಕಿ ಕೈಯಾಗ ಗುಂಡು ಕೊಡತಾರೇನ," ಎಂದಳು. "ಆಕಿ ಡಾಕ್ಟರೋ, ಗರಡಿಮನಿ ಪೈಲ್ವಾನಳೋ?"

ರಜೆಯಲ್ಲಿದ್ದ ನಾನು ಕೆಲಸದ ಜಾಗದಿಂದ ಬರುವ ಕರೆಗೆ ಹೆದರುತ್ತಿದ್ದೆ. ಊರಿನ ಕಾಲೇಜಿನಲ್ಲಿ ಜ್ವರ ಬಂದು ರಜೆ ಕೇಳಿದರೆ ಪ್ರಾಂಶುಪಾಲರು ಮುಖ ತಿರುಗಿಸುತ್ತಿದ್ದರು. ಇಲ್ಲಿ ಡಾಗಿಸ್‌ನ ಮುಖ್ಯಸ್ಥೆ ಸಭೆ ಕರೆದಾಗ, ಕೆಲಸ ಬಿಡು ಎನ್ನುತ್ತಾಳೆ ಎಂದೇ ಮನಸ್ಸು ಗಟ್ಟಿ ಮಾಡಿಕೊಂಡು ಹೋದೆ. ಫಿಸಿಯೋಥೆರಪಿಸ್ಟೂ ಬಂದಿದ್ದಳು. ಕಾಫಿ, ದಾಲ್ಚಿನ್ನಿ ಬನ್ನು ಇಟ್ಟಿದ್ದರು. ಮುಖ್ಯಸ್ಥೆ ಮೊದಲು ಹೇಳಿದ ಮಾತು, "ನಮ್ಮಲ್ಲಿ ಕೆಲಸ ಮಾಡಿ ನಿನಗೆ ನೋವಾಗಿದೆ. ನಾವು ಏನು ಬದಲಾಯಿಸಬೇಕು ಹೇಳು."

 ಯಾರೂ ಯಾವತ್ತೂ ಕೇಳದ ಪ್ರಶ್ನೆ ಅದು. ನನ್ನ ಬೆನ್ನು ನನ್ನ ದೌರ್ಬಲ್ಯ, ನನ್ನ ವಯಸ್ಸು, ನನ್ನ ಹಣೆಬರಹ ಎಂದುಕೊಂಡಿದ್ದೆ. ಅವರು ಮೂರು ಜನ ಪಡಸಾಲೆಯಲ್ಲಿ ನಿಂತು ಉಳಿದವರು ಮಕ್ಕಳನ್ನು ಹೊರಡಿಸುವುದನ್ನು ನೋಡಿದರು. ಮೂರನೆಯವಳು ನನ್ನ ಸಹೋದ್ಯೋಗಿ, ತನಗೂ ಬೆನ್ನು ನೋಯುತ್ತದೆಂದು ಆಗ ಮೊದಲ ಸಲ ಬಾಯಿ ಬಿಟ್ಟಳು. ನಾಲ್ಕಾರು ಬದಲಾವಣೆಗಳಾದವು. ಎಲ್ಲ ಮಕ್ಕಳನ್ನೂ ಒಟ್ಟಿಗೆ ಹೊರಡಿಸುವುದು ನಿಂತು ಚಿಕ್ಕ ಗುಂಪುಗಳಾದವು. ನಮಗೆ ಗಾಲಿಯಿರುವ ಕುಳ್ಳ ಸ್ಟೂಲು ಬಂತು. ಒರೆಸಿ ಬಟ್ಟೆ ಬದಲಿಸುವ ಮೇಜಿಗೆ ಮೆಟ್ಟಿಲು ಬಂತು, ಮಕ್ಕಳು ತಾವೇ ಹತ್ತಿ ಬರುವಂತೆ. ಓವರಾಲನ್ನು ನೆಲದ ಮೇಲೆ ಹರಡಿ, ಅದರ ಮೇಲೆ ಕೂತು, ತಾವೇ ಕಾಲು ತೂರಿಸುವುದನ್ನು ಮಕ್ಕಳಿಗೆ ಕಲಿಸಿದೆವು.

ನಾನು ದಿನದ ಕಾಲು ಭಾಗದ ಕೆಲಸಕ್ಕೆ ಮರಳಿದ ಮೊದಲ ವಾರ, ಇನ್ನೂ ಮೂರು ತುಂಬದ ಒಂದು ಮಗು ಓವರಾಲಿನ ಮೇಲೆ ಕೂತು, ನಾಲಿಗೆ ಕಚ್ಚಿಕೊಂಡು, ಎರಡೂ ಕಾಲು ತೂರಿಸಿ, ಜಿಪ್ಪನ್ನು ಗದ್ದದ ತನಕ ಎಳೆದು ಎದ್ದು ನಿಂತಿತು. ಇಷ್ಟು ವರ್ಷ ಬಗ್ಗಿ ಬಗ್ಗಿ ನಾನು ಮಾಡಿದ ಕೆಲಸ. ಮಕ್ಕಳ್ಯಾರೂ ಅದನ್ನು ನನ್ನಿಂದ ಬೇಡಿರಲೇ ಇಲ್ಲ.

ಎಲ್ಲ ಸರಿಹೋಯಿತು ಎಂದುಕೊಳ್ಳುವ ಹೊತ್ತಿಗೆ ಮತ್ತೊಂದು ಪೆಟ್ಟು ಬಿತ್ತು. ವಸಂತದಲ್ಲಿ ಇಲ್ಲಿ ಬರ್ಚ್ ಮರಗಳ ಪರಾಗ ಗಾಳಿಗೆ ಹಾರುತ್ತದೆ. ಅಡುಗೆಮನೆಯಲ್ಲಿ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದೆ, ಒಂದು ಸೀನು ಬಂತು. ಸೊಂಟ ಹಿಡಿಯಿತು, ಮೊದಲ ಸಲದಂತೆಯೇ. ಒಲೆಯ ಅಂಚು ಹಿಡಿದು ನಿಂತೆ. ಸಾಸಿವೆ ಸೀದು ಹೊಗೆ ಬಂತು, ಹೊಗೆಯ ಅಲಾರಂ ಕೂಗತೊಡಗಿತು, ಅದನ್ನು ಆರಿಸಲು ಕೈ ಚಾಚಲಾರದೆ ನಿಂತಿದ್ದೆ. ಇಷ್ಟು ತಿಂಗಳ ಶ್ರಮ ಒಂದು ಸೀನಿಗೆ ಮುಗಿಯಿತು, ಹುಬ್ಬಳ್ಳಿಯವರೇ ಸರಿ, ಕಾಲು ಹೋಯಿತು ಎಂದುಕೊಂಡೆ. ಗಂಡ ಓಡಿ ಬಂದು ಒಲೆ ಆರಿಸಿದರು. ಅವರು ಕೇಳಿದ ಮೊದಲ ಪ್ರಶ್ನೆ ನನ್ನನ್ನು ಇನ್ನಷ್ಟು ಬೆಚ್ಚಿಬೀಳಿಸಿತು. "ಪಾದ ಎತ್ತಕ್ಕೆ ಬರುತ್ತಾ?"

ಎತ್ತಿದೆ. ಬಂತು. ಜೋಮು? ಇಲ್ಲ.

"ಹಾಗಾದ್ರೆ ಏನೂ ಆಗಿಲ್ಲ," ಎಂದರು. ಧ್ವನಿಯಲ್ಲಿ ನಂಬಿಕೆ ಅರ್ಧವೇ ಇತ್ತು, ಆದರೂ ಹೇಳಿದರು.

ಫಿಸಿಯೋಥೆರಪಿಸ್ಟ್ ಫೋನಿನಲ್ಲಿ, ಇದು ಬರುತ್ತದೆ, ಹೋಗುತ್ತದೆ, ಮುಂದೆಯೂ ಬರಬಹುದು, ಭಾರ ಅರ್ಧ ಮಾಡಿಕೋ, ನಿಲ್ಲಿಸಬೇಡ ಎಂದಳು. ಮೊದಲ ಸಲ ತಿಂಗಳುಗಟ್ಟಲೆ ಕಾಡಿದ್ದು ಈ ಸಲ ವಾರದೊಳಗೆ ಸಡಿಲಿತು. ಅವಳ ಮಾತನ್ನು ನಾನು ನಿಜವಾಗಿ ನಂಬಿದ್ದು ಆವಾಗ.

ಬೇಸಿಗೆ ಬಂದಾಗ ನಾನು ಪೂರ್ತಿ ದಿನದ ಕೆಲಸದಲ್ಲಿದ್ದೆ. ಗಂಡನ ನೋವು ಹೋಗಲು ನನ್ನದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಏನೂ ಆಗದ ಬೆನ್ನಿನಲ್ಲಿ ವಾಸಿಯಾಗಲು ಏನಿರುತ್ತದೆ? ಆಗಸ್ಟಿನ ಒಂದು ಶನಿವಾರ ಅವರು ಮತ್ತೆ ಓಡಿದರು. ಅವರ ಡಿಸ್ಕುಗಳು ಈಗಲೂ ಹಾಗೇ ಇರಬೇಕು. ನಾವು ನೋಡಲು ಹೋಗಿಲ್ಲ.

ಟಿಕೆಟ್ ರದ್ದು ಮಾಡುವ ಮೊದಲು, ಚಿತ್ರ ನೋಡಿ ಅಭಿಪ್ರಾಯ ಹೇಳಿದ ಆ ಸರ್ಜನ್‌ಗೆ ಒಂದು ಮಾತು ತಿಳಿಸುವುದು ಮರ್ಯಾದೆ ಎನಿಸಿತು. ಅಕ್ಕನಿಂದ ನಂಬರು ಪಡೆದು ನಾನೇ ಫೋನು ಮಾಡಿದೆ. ಸಿಟ್ಟಾಗುತ್ತಾರೆ, ಕಾಲು ಹೋದರೆ ನಾನು ಜವಾಬ್ದಾರನಲ್ಲ ಎನ್ನುತ್ತಾರೆ ಎಂದುಕೊಂಡಿದ್ದೆ. ನನ್ನ ಕತೆಯನ್ನೆಲ್ಲ ತಾಳ್ಮೆಯಿಂದ ಕೇಳಿದರು.

"ಛಲೋ ಆತಲ್ಲವಾ," ಎಂದರು. "ಭಾಳ ಮಂದಿಗೆ ಹಂಗ ಕಡಿಮಿ ಆಗತದ. ವ್ಯಾಯಾಮ ಬಿಡಬ್ಯಾಡ್ರಿ."

ನನಗೆ ಕೇಳಿಸಿದ್ದೇ ತಪ್ಪೇನೋ ಎನಿಸಿತು. ಕಾಲಿನ ಶಕ್ತಿ ಹೋಗುತ್ತದೆ, ಆಪರೇಷನ್ ಮಾಡಿಸಲೇಬೇಕು ಎಂದಿದ್ದಿರಲ್ಲ ಎಂದು ತಡವರಿಸುತ್ತಾ ಕೇಳಿದೆ.

 "ನಾ ಹಂಗಂದಿಲ್ರಿ," ಎಂದರು. "ಕಾಲಿನ ಶಕ್ತಿ ಹೋದ್ರ ತಡಾ ಮಾಡಬ್ಯಾಡ್ರಿ, ಆಪರೇಷನ್ ಮಾಡಿಸಬೇಕಾಗತದ ಅಂದಿದ್ದೆ. ಪೇಶಂಟ್ ನೋಡದ, ಬರೇ ಚಿತ್ರ ನೋಡಿ, ಹೋಗತದ ಅಂತ ಹೆಂಗ ಹೇಳಲಿ?"

ಹೋದರೆ. ಹೋಗುತ್ತದೆ. ಹುಬ್ಬಳ್ಳಿಯ ಆಸ್ಪತ್ರೆಯಿಂದ ಅಕ್ಕನ ಮನೆಗೆ ಬರುವ ದಾರಿಯಲ್ಲಿ ಒಂದು 'ರೆ' ಬಿದ್ದುಹೋಗಿತ್ತು. ಆ ಒಂದು ಅಕ್ಷರವಿಲ್ಲದ ಮಾತಿಗೆ ನಾನು ಬಲಗಾಲನ್ನು ಕಳೆದುಕೊಂಡವಳಂತೆ ಬದುಕಿದ್ದೆ, ವಿಮಾನ ಹತ್ತಲು ಹೊರಟಿದ್ದೆ, ಬೆನ್ನು ಕೊಯ್ಯಿಸಿಕೊಳ್ಳಲು ಸಿದ್ಧಳಾಗಿದ್ದೆ.  

ಆ ಭಾನುವಾರ ಅಕ್ಕನಿಗೆ ಹೇಳಿದೆ. ಜಗಳ ಮಾಡಬೇಕೆಂದೇ ಫೋನು ಮಾಡಿದ್ದು. ಅವಳು ಅಡ್ಡಿಪಡಿಸದೆ ಕೇಳಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಹಾಕಿಕೊಂಡಳು.

"ನನಗ ಹಂಗ ಕೇಳಿಸ್ತು," ಎಂದಳು. "ಅವ್ರು ನಿನ್ನ ಚಿತ್ರ ಫೋನಿನ್ಯಾಗ ದೊಡ್ಡದು ಮಾಡಿ ಹಿಡಿದಿದ್ರು. ಆ ಬೆನ್ನೆಲಬು ನೋಡಿದ ಮ್ಯಾಲ ನನಗ ಏನೂ ಕೇಳಿಸಲಿಲ್ಲ."

ಚಿತ್ರ ನೋಡಿ ಸೊಂಟ ಹಿಡಿಸಿಕೊಂಡ ಗಂಡನ ನೆನಪಾಯಿತು, ಜಗಳ ಬಿಟ್ಟೆ.  ಆಮೇಲೆ ಅವಳು ಅಲ್ಲಿ ಎಷ್ಟು ಗಂಟೆ, ಊಟ ಆಯಿತೇ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ.